ಅರವತ್ತೆಂಟು ಗಂಟೆ ಹದಿನಾರು ನಿಮಿಷ

ಹೋದ ತಿಂಗಳು ತಂಗಿಯ ಮಗಳಿಗೆ ಹೆರಿಗೆಯಾಗಿತ್ತೆಂದು ನೋಡಲು ಹಾಸನದ ಒಂದು ಆಸ್ಪತ್ರೆಗೆ ಹೋಗಿದ್ದೆ. ವಾರ್ಡು ಹುಡುಕಿಕೊಂಡು ನಡೆಯುತ್ತಿದ್ದಾಗ ಎಡಗಡೆಯ ಬಾಗಿಲೊಂದನ್ನು ಯಾರೋ ತೆರೆದರು. ಒಳಗಿಂದ ತಣ್ಣನೆಯ ಗಾಳಿ ಬಂತು. ಅದರ ಜೊತೆಗೆ ಸ್ಪಿರಿಟ್ಟು, ಒದ್ದೆ ರಬ್ಬರು, ಮಂಜು ಹಿಡಿದ ಕಬ್ಬಿಣ ಎಲ್ಲ ಬೆರೆತ ಒಂದು ವಾಸನೆ. ರಕ್ತದ ಚೀಲಗಳನ್ನಿಡುವ ಫ್ರಿಜ್ಜಿನ ಬಾಗಿಲು ತೆಗೆದಾಗ ಬರುವ ವಾಸನೆ ಅದು. ನಾನು ನಿಂತುಬಿಟ್ಟೆ. ಎರಡು ಹೆಜ್ಜೆ ಮುಂದೆ ಹೋಗಿದ್ದ ತಂಗಿ ತಿರುಗಿ, "ಯಾಕಕ್ಕ, ತಲೆ ಸುತ್ತುತ್ತಾ?" ಅಂದಳು. ಇಲ್ಲ ಅಂದೆ.

ಎರಡು ಸಾವಿರದ ಏಳರ ಆಷಾಢ. ಆಗ ನನಗೆ ಇಪ್ಪತ್ತೊಂಬತ್ತು. ಹಾಸನದಲ್ಲಿ ಒಂದು ಧರ್ಮಸಂಸ್ಥೆಯ ಆಸ್ಪತ್ರೆ, ಅದಕ್ಕೊಂದು ರಕ್ತನಿಧಿ. ಅರಕಲಗೂಡಿನಲ್ಲಿ ಸಂಸ್ಥೆಯದೇ ಇನ್ನೊಂದು ಚಿಕ್ಕ ಆಸ್ಪತ್ರೆಯಿತ್ತು, ಅಲ್ಲಿಗೆ ಬೇಕಾದ ರಕ್ತ ಹಾಸನದಿಂದಲೇ ಹೋಗಬೇಕು. ಇಷ್ಟಕ್ಕೂ ಸೇರಿ ಕಂಪ್ಯೂಟರು ನೋಡಿಕೊಳ್ಳುವವಳು ನಾನೊಬ್ಬಳೇ. ನಮ್ಮೂರು ದುದ್ದದಿಂದ ದಿನಾ ಏಳೂವರೆ ಬಸ್ಸಿಗೆ ಬರುತ್ತಿದ್ದೆ. ನಮ್ಮಪ್ಪ ರಾಗಿ, ತೆಂಗು, ನಾಲ್ಕು ಹಸು ಇಟ್ಟುಕೊಂಡಿದ್ದವರು. ಮಗಳು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ ಅಂದರೆ ನರ್ಸು ಎಂದೇ ಊರವರು ತಿಳಿದಿದ್ದರು. ಅವರನ್ನು ತಿದ್ದುವ ಗೋಜಿಗೆ ಅಪ್ಪ ಹೋಗಿರಲಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ರಕ್ತನಿಧಿಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಎಂಟು ವರ್ಷದ ಹಿಂದಿನದು. ಯಾವ ಗುಂಪಿನ ರಕ್ತ ಎಷ್ಟಿದೆ, ಯಾರು ಕೊಟ್ಟದ್ದು, ಅವರ ಊರು, ಫೋನು, ಎಲ್ಲವೂ ಅದರೊಳಗೆ. ಅದರ ಫ್ಯಾನು ರಾಗಿ ಮಿಲ್ಲಿನ ಹಾಗೆ ಸದ್ದು ಮಾಡುತ್ತಿತ್ತು. ಯಾವತ್ತು ನಿಂತೀತೋ ಎಂದು ಭಯ. ಅಷ್ಟರಲ್ಲಿ ಆಸ್ಪತ್ರೆಗೆ ಹೊಸದೊಂದು ದೊಡ್ಡ ಸರ್ವರ್ ಬಂತು. ಆದರೆ ಹಳೆಯ ದಾನಿಗಳ ಪ್ರೋಗ್ರಾಂ ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ನಡೆಯುತ್ತಿರಲಿಲ್ಲ. ಆಗ ನಾನೊಂದು ಉಪಾಯ ಮಾಡಿದೆ. ಹಳೆಯ ಯಂತ್ರದ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಒಂದು ಫೈಲಾಗಿ ನಕಲು ಮಾಡಿ, ಹೊಸ ಸರ್ವರಿನ ಒಳಗೇ ಒಂದು ತೋರಿಕೆಯ ಯಂತ್ರ ಸೃಷ್ಟಿಸಿ, ಅದರಲ್ಲಿ ಹಳೆಯದನ್ನು ಓಡಿಸಿದೆ. ಇಂಥದ್ದಕ್ಕೆ ವರ್ಚುವಲ್ ಮೆಷೀನ್ ಅನ್ನುತ್ತಾರೆ. ಹೊರಗಿನ ಯಂತ್ರ ಮನೆಯೊಡೆಯ, ಒಳಗೆ ಓಡುವ ಹಳೆಯ ಸಿಸ್ಟಮ್ಮು ಅತಿಥಿ. ಆ ಅತಿಥಿಗೆ ತಾನು ಇನ್ನೊಬ್ಬರ ಮನೆಯಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ; ತನ್ನ ಹಳೆಯ ಪೆಟ್ಟಿಗೆಯಲ್ಲೇ ಇದ್ದೇನೆ ಎಂದುಕೊಂಡಿರುತ್ತದೆ.

ಇದನ್ನು ರಕ್ತನಿಧಿಯ ಟೆಕ್ನಿಷಿಯನ್ ನಂಜೇಗೌಡರಿಗೆ ವಿವರಿಸಿ ಹೇಳಿದ್ದೆ. ಹರದನಹಳ್ಳಿಯವರು, ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ. ಅವರು ಪೂರ್ತಿ ಕೇಳಿಸಿಕೊಂಡು, "ಅಂಗಾರೆ ನೆಂಟ ಅನ್ನಿ. ನೆಂಟುನ್ನ ಚೆನ್ನಾಗಿ ನೋಡ್ಕಬೇಕು ಕಣವ್ವ," ಅಂದರು. ಆವತ್ತಿನಿಂದ ಅದರ ಹೆಸರು ನೆಂಟ ಎಂದೇ ಆಯಿತು.

ಒಂದು ಸೋಮವಾರ ನೆಂಟನನ್ನು ಶುರುಮಾಡಿ, ಹಳೆಯ ಕಂಪ್ಯೂಟರಿನ ಹಿಂದಿನ ವೈರುಗಳನ್ನೆಲ್ಲ ಬಿಡಿಸಿ, ಅದನ್ನು ಗೋಡೌನಿಗೆ ಹೊರಿಸಿದೆ. ಗುರುವಾರ ಬೆಳಿಗ್ಗೆ ಬಸ್ಸಿಳಿದು ಬರುವಷ್ಟರಲ್ಲಿ ನಂಜೇಗೌಡರು ಗೇಟಿಗೇ ಬಂದಿದ್ದರು.

"ನೆಂಟ ಬಿದ್ಬುಟ್ಟ ಕಣವ್ವ. ನೀಲಿ ಪರದೆ ಬಂದು ಇಂಗ್ಲೀಷ್ನಲ್ಲಿ ಏನೇನೋ ಬೋದು ನಿಂತ್ಕಂಡೈತೆ."

ಹೋಗಿ ನೋಡಿದರೆ ಸರ್ವರು ಸರಿಯಾಗಿಯೇ ಇದೆ. ಒಳಗಿನ ಅತಿಥಿ ಮಾತ್ರ ಸತ್ತಿದೆ. ಮತ್ತೆ ಶುರುಮಾಡಿದೆ. ಎದ್ದಿತು. ಆದರೆ ಹಾಗೆ ಹಠಾತ್ತನೆ ಬಿದ್ದಾಗ ದಾನಿಗಳ ಪಟ್ಟಿ ಕಲಸಿಹೋಗುತ್ತಿತ್ತು. ಅದನ್ನು ಜೋಡಿಸಿ ಸರಿಮಾಡಲು ಎರಡು ಗಂಟೆ ಬೇಕು. ಆ ಎರಡು ಗಂಟೆ ಯಾರಾದರೂ ಬಂದು ಓ ನೆಗೆಟಿವ್ ಇದೆಯಾ, ಯಾರು ಕೊಡುತ್ತಾರೆ ಅಂದರೆ ಹೇಳಲು ಆಗುವುದಿಲ್ಲ.

ಭಾನುವಾರ ಮತ್ತೆ ಬಿತ್ತು. ಮುಂದಿನ ವಾರ ಎರಡು ಸಲ. ಮೂರನೇ ವಾರ, ಶ್ರವಣಬೆಳಗೊಳದ ರಸ್ತೆಯಲ್ಲಿ ಅಪಘಾತವಾದವನನ್ನು ಕರೆತಂದ ಮಧ್ಯಾಹ್ನವೇ ಬಿತ್ತು. ಅವನ ಗುಂಪಿನ ದಾನಿಗಳ ನಂಬರು ಸಿಗದೆ, ನಂಜೇಗೌಡರು ತಮ್ಮ ನೆನಪಿನಿಂದಲೇ ಇಬ್ಬರನ್ನು ಹುಡುಕಿ ಕರೆಸಿದರು. ಮನುಷ್ಯ ಉಳಿದ. ಆದರೆ ಆ ಸಂಜೆ ರಕ್ತನಿಧಿಯ ಮುಖ್ಯಸ್ಥೆ ಡಾಕ್ಟರ್ ವಸುಂಧರಾ ನನ್ನನ್ನು ಕರೆದರು. ಹೊಸದಾಗಿ ಬಂದ ವೈದ್ಯೆ, ಮಾತು ಕಡಿಮೆ.

"ಭಾಗ್ಯ, ನನಗೆ ಕಾರಣ ಬೇಡ, ರಿಜಿಸ್ಟರ್ ಬೇಕು. ಶನಿವಾರದೊಳಗೆ ಸರಿಯಾಗದಿದ್ರೆ ಕಾಗದದ ಪುಸ್ತಕಕ್ಕೇ ವಾಪಸ್ ಹೋಗ್ತೀವಿ. ಕಮಿಟಿಗೂ ಬರೀತೀನಿ."

ಆಸ್ಪತ್ರೆ ನಡೆಸುವ ಕಮಿಟಿಗೆ ಬರೆಯುವುದೆಂದರೆ ನನ್ನ ನೌಕರಿ ಹೋದಂತೆ. ಅಪ್ಪನಿಗೆ ಏನೂ ಹೇಳಲಿಲ್ಲ.

ಎಲ್ಲರ ಬಾಯಲ್ಲೂ ಒಂದೊಂದು ಕಾರಣವಿತ್ತು. ಮಳೆಗೆ ಕರೆಂಟು ಏರಿಳಿಯುತ್ತದೆ, ಅದಕ್ಕೇ ಅಂದರು. ಕರೆಂಟಿನದಾದರೆ ಸರ್ವರೂ ಬೀಳಬೇಕಿತ್ತು. ಅದು ಒಮ್ಮೆಯೂ ಬಿದ್ದಿರಲಿಲ್ಲ. ಮೆಮೊರಿ ಕೆಟ್ಟಿರಬಹುದು ಎಂದು ಒಂದು ಇಡೀ ಭಾನುವಾರ ಪರೀಕ್ಷೆ ಓಡಿಸಿದೆ. ಒಂದು ತಪ್ಪೂ ಬರಲಿಲ್ಲ. ಮೆಮೊರಿ ಕೆಟ್ಟಿದ್ದರೆ ಪ್ರತಿ ಸಲವೂ ಬೇರೆ ಬೇರೆ ದೋಷ ತೋರಿಸುತ್ತದೆ. ಇಲ್ಲಿ ನೀಲಿ ಪರದೆಯ ಮೇಲಿನ ದೋಷದ ಸಂಖ್ಯೆ ಪ್ರತಿ ಸಲವೂ ಒಂದೇ. ಅಂದರೆ ಏನೋ ಒಂದು, ಅದೇ ಒಂದು, ಮತ್ತೆ ಮತ್ತೆ ಆಗುತ್ತಿದೆ. ಆದರೆ ಯಾವಾಗ? ಬಿದ್ದ ಹೊತ್ತುಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಸರಿರಾತ್ರಿ, ಒಮ್ಮೆ ಊಟದ ಹೊತ್ತು. ನೋಡಿ ನೋಡಿ ಕಣ್ಣು ನೋಯಿತೇ ಹೊರತು ಅದರಲ್ಲಿ ಲೆಕ್ಕ ಕಾಣಲಿಲ್ಲ.

ಬುಧವಾರ ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೊಳೆಯಿತು. ಬಿದ್ದ ಹೊತ್ತನ್ನು ನೋಡುತ್ತಿದ್ದೇನೆ, ಎದ್ದ ಹೊತ್ತನ್ನು ನೋಡಿಲ್ಲ. ಮಾರನೆಯ ದಿನ ಬಂದವಳೇ ಅತಿಥಿಯ ದಾಖಲೆಯಿಂದ ಅದು ಪ್ರತಿ ಸಲ ಎದ್ದ ಸಮಯ ತೆಗೆದು, ಬಿದ್ದ ಸಮಯದಿಂದ ಕಳೆದೆ. ಮೊದಲನೆಯದು ಅರವತ್ತೆಂಟು ಗಂಟೆ ಹದಿನಾರು ನಿಮಿಷ. ಎರಡನೆಯದು ಅರವತ್ತೆಂಟು ಗಂಟೆ ಹದಿನಾರು ನಿಮಿಷ. ಮೂರನೆಯದೂ ಅಷ್ಟೇ. ನಡುವೆ ನಾನೇ ಪರೀಕ್ಷೆಗೆಂದು ನಿಲ್ಲಿಸಿದ್ದನ್ನು ಬಿಟ್ಟರೆ ಎಲ್ಲವೂ ಅಷ್ಟೇ. ಗಂಟೆಯನ್ನು ನಿಮಿಷ ಮಾಡಿದೆ: ನಾಲ್ಕು ಸಾವಿರದ ತೊಂಬತ್ತಾರು. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಹನ್ನೆರಡನೆಯ ಹೆಜ್ಜೆಗೆ ಸಿಗುವ ಸಂಖ್ಯೆ. ಕಂಪ್ಯೂಟರಿನವರಿಗೆ ಮನೆಮಗುವಿನಷ್ಟು ಪರಿಚಯದ ಸಂಖ್ಯೆ.

ಅರ್ಥ ಇಷ್ಟೇ. ಅತಿಥಿಯ ಒಳಗೆ ಯಾವುದೋ ಒಂದು ಪ್ರೋಗ್ರಾಂ ನಿಮಿಷಕ್ಕೊಂದು ಸಲ ಏನನ್ನೋ ಬರೆದಿಡುತ್ತಿದೆ. ಅದಕ್ಕೆ ನಾಲ್ಕು ಸಾವಿರದ ತೊಂಬತ್ತಾರು ಸಾಲುಗಳಷ್ಟೇ ಜಾಗ. ಜಾಗ ಮುಗಿದ ಮೇಲೂ ಬರೆಯಹೋಗಿ ಪಕ್ಕದವರ ಜಾಗ ಕೆಡಿಸಿ, ಇಡೀ ಸಿಸ್ಟಮ್ಮನ್ನು ಬೀಳಿಸುತ್ತಿದೆ.

ಬೀಳುವ ಗಳಿಗೆಯಲ್ಲಿ ಅತಿಥಿ ತನ್ನ ಮೆಮೊರಿಯನ್ನೆಲ್ಲ ಒಂದು ಫೈಲಿಗೆ ಸುರಿದು ಸಾಯುತ್ತದೆ. ಆ ಫೈಲನ್ನು ಓದುವ ಸಾಧನ ತಂದು ಬಿಚ್ಚಿ ನೋಡಿದೆ. ಕೊನೆಯದಾಗಿ ಓಡುತ್ತಿದ್ದ ಫೈಲಿನ ಹೆಸರು: ಎಸ್‌ಕೆ ಪ್ರೋಬ್. ಐದು ಸಲದ ಸಾವಿಗೂ ಅದೇ ಹೆಸರು.

ಸರ್ವರು ಮಾರಿದ್ದ ಬೆಂಗಳೂರಿನವನಿಗೆ ಫೋನು ಮಾಡಿದೆ. "ಹಳೇ ಮೆಷೀನಿನ ಯಾವುದೋ ಡ್ರೈವರ್ ಪ್ರೋಗ್ರಾಂ ಮೇಡಂ, ಈಗ ಆ ಹಾರ್ಡ್‌ವೇರೇ ಇಲ್ವಲ್ಲ. ಡಿಲೀಟ್ ಮಾಡಿ, ಮುಗೀತು," ಅಂದ. ಎರಡು ನಿಮಿಷದ ಕೆಲಸ. ಒಂದು ನಕಲಿನಲ್ಲಿ ತೆಗೆದೂ ನೋಡಿದೆ. ಅತಿಥಿ ಏನೂ ಆಗದ ಹಾಗೆ ಎದ್ದು ಕೂತಿತು. ಶನಿವಾರದ ಗಡುವಿಗೆ ಎರಡು ದಿನ ಮೊದಲೇ ಕೆಲಸ ಮುಗಿದಿತ್ತು.

ಆದರೂ ಅಸಲಿಯಲ್ಲಿ ಅದನ್ನು ಅಳಿಸಲು ಕೈ ಬರಲಿಲ್ಲ. ನಿಮಿಷಕ್ಕೊಂದು ಸಲ ಏನನ್ನು ಬರೆಯುತ್ತಿತ್ತು ಅದು? ಸುರಿದ ಮೆಮೊರಿಯಲ್ಲಿ ಆ ಸಾಲುಗಳನ್ನು ಹುಡುಕಿದೆ. ಸಾಲು ಸಾಲಿಗೂ ಸಮಯ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡೇ ಪದ: ಉತ್ತರವಿಲ್ಲ. ಉತ್ತರವಿಲ್ಲ. ಉತ್ತರವಿಲ್ಲ. ಯಾರನ್ನೋ ಕೂಗಿ ಕೂಗಿ ಕರೆಯುತ್ತಿತ್ತು.

"ಎಸ್‌ಕೆ ಅಂದ್ರೆ ಯಾರು ಗೌಡ್ರೆ?" ಅಂತ ಕೇಳಿದೆ.

"ಎಸ್‌ಕೆ? ಶ್ರೀಕಂಠಯ್ಯ ಮೇಷ್ಟ್ರು ಕಣವ್ವ. ಪಾಲಿಟೆಕ್ನಿಕ್ಕಿನೋರು. ಆ ಕಂಪ್ಯೂಟ್ರು ಬಂದಾಗ ಅವರೇ ಅಲ್ವಾ ಕೂತ್ಕಂಡು ಎಲ್ಲಾ ಬರ್ಕೊಟ್ಟಿದ್ದು, ಪುಗಸಟ್ಟೆ. ಈಗ ಒಳೆನರಸೀಪುರದಾಗವ್ರೆ. ಕಣ್ಣು ಆಪರೇಸನ್ ಆಗೈತಂತೆ."

ಶುಕ್ರವಾರ ಬೆಳಿಗ್ಗೆ ಹೊಳೆನರಸೀಪುರದ ಬಸ್ಸು ಹತ್ತಿದೆ. ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ದೇವಸ್ಥಾನದ ಬೀದಿಯಲ್ಲಿ ಕೇಳಿಕೊಂಡು ಹೋದರೆ, ಕಪ್ಪು ಕನ್ನಡಕ ಹಾಕಿದ ಎಪ್ಪತ್ತರ ಸಮೀಪದ ಮೇಷ್ಟ್ರು ಜಗಲಿಯಲ್ಲೇ ಕೂತಿದ್ದರು. ರಕ್ತನಿಧಿ ಅಂದ ಕೂಡಲೇ ಮುಖ ಅರಳಿತು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಇನ್ನೂ ಓಡ್ತಾ ಇದೆಯಾ ನನ್ನ ಪ್ರೋಗ್ರಾಮು? ಕಾಫಿ ಕುಡೀತೀರಾ?"

ನಾನು ಎಲ್ಲ ಹೇಳಿದೆ. ಅರವತ್ತೆಂಟು ಗಂಟೆಯ ಲೆಕ್ಕ ಕೇಳಿ, "ಭೇಷ್, ಹೌದು, ಅಷ್ಟೇ ಜಾಗ ಇಟ್ಟಿದ್ದೆ," ಎಂದು ತೊಡೆ ತಟ್ಟಿಕೊಂಡರು. 'ಉತ್ತರವಿಲ್ಲ' ಅಂದದ್ದೇ ಕೈ ಅಲ್ಲೇ ನಿಂತಿತು.

"ಮೂರು ವಾರದಿಂದ ಉತ್ತರ ಇಲ್ವಾ?" ಮುಖವನ್ನು ನನ್ನ ಕಡೆ ತಿರುಗಿಸಿದರು. "ಹಳೇ ಕಂಪ್ಯೂಟರಿನ ಹಿಂದುಗಡೆಯಿಂದ ಒಂದು ಬೂದು ವೈರು ಗೋಡೆ ತೂತಲ್ಲಿ ಹೋಗಿತ್ತಲ್ಲಮ್ಮ. ಅದನ್ನ ಏನು ಮಾಡಿದ್ರಿ?"

ನನಗೆ ಆ ವೈರು ಕಣ್ಣಮುಂದೆ ಬಂತು. ಯಾವುದಕ್ಕೆ ಎಂದು ಬರೆದಿರಲಿಲ್ಲ. ಗೋಡೆಯೊಳಗೆ ಸಿಕ್ಕಿಕೊಂಡು ಬಿಡಿಸಲು ಬರಲಿಲ್ಲ. ಕಟಿಂಗ್ ಪ್ಲೇಯರ್ ತರಿಸಿ ನಾನೇ ಕತ್ತರಿಸಿದ್ದೆ.

"ಅದು ಫ್ರಿಜ್ಜಿನದು," ಅಂದರು ಮೇಷ್ಟ್ರು. "ಒಳಗೆ ಶಾಖ ಆರು ಡಿಗ್ರಿ ದಾಟಿದ್ರೆ ಮೊಗಸಾಲೆಯಲ್ಲಿ ಬೆಲ್ಲು ಹೊಡೀಬೇಕು. ಅದಕ್ಕೇ ಹಾಕಿದ್ದು. ಫ್ರಿಜ್ಜಿಂದ ಉತ್ತರ ಬರದಿದ್ರೆ ಮಾತ್ರ ಆ ಸಾಲು ಬರೆಯೋದು."

ಕೆಲವು ವರ್ಷಗಳಿಂದ ಆ ಬೆಲ್ಲು ಹೊಡೆದೇ ಇರಲಿಲ್ಲ. ಫ್ರಿಜ್ಜು ಅಷ್ಟು ಗಟ್ಟಿಯಾಗಿತ್ತು. ಅದಕ್ಕೇ ಅದೊಂದಿದೆ ಎಂಬುದೂ ಎಲ್ಲರಿಗೂ ಮರೆತುಹೋಗಿತ್ತು. ಜಗಲಿಯಿಂದಲೇ ಮೊಬೈಲಿನಲ್ಲಿ ನಂಜೇಗೌಡರಿಗೆ ಕರೆ ಮಾಡಿದೆ.

"ಗೌಡ್ರೆ, ಫ್ರಿಜ್ಜಿನ ಟೆಂಪರೇಚರ್ ನೋಡಿ."

"ನಾಕೈತೆ ಕಣವ್ವ. ಬಾಗ್ಲ ಮ್ಯಾಲೇ ಕಾಣ್ತದಲ್ಲ ಮುಳ್ಳು."

"ಮುಳ್ಳು ಬೇಡ. ಬಾಗಿಲು ತೆಗೆದು ಒಳಗಿನ ಥರ್ಮಾಮೀಟರ್ ನೋಡಿ."

ಬಾಗಿಲು ತೆಗೆದ ಸದ್ದು ಕೇಳಿಸಿತು. "ಎಷ್ಟಿದೆ ಗೌಡ್ರೆ?" ಅಂದೆ.

"ಅನ್ನೊಂದು," ಅಂದರು. ಧ್ವನಿ ಅವರದ್ದಲ್ಲದ ಹಾಗಿತ್ತು. "ಅನ್ನೊಂದೈತೆ ಕಣವ್ವ."

ಒಳಗೆ ನಲವತ್ತಮೂರು ಚೀಲ ಇರಬೇಕಿತ್ತು. ನಲವತ್ತೊಂದೇ ಇದ್ದವು. ಎರಡು ಚೀಲ ಬೆಳಿಗ್ಗೆ ಎಂಟಕ್ಕೆ ಐಸ್ ಪೆಟ್ಟಿಗೆಯಲ್ಲಿ ಅರಕಲಗೂಡಿಗೆ ಹೋಗಿದ್ದವು, ಒಂದು ಹೆರಿಗೆಯ ಆಪರೇಷನ್ನಿಗೆ.

ಡಾಕ್ಟರ್ ವಸುಂಧರಾ ಆ ದಿನ ಆಸ್ಪತ್ರೆಯ ಜೀಪಿನಲ್ಲಿ ಚನ್ನರಾಯಪಟ್ಟಣಕ್ಕೆ ರಕ್ತದಾನ ಶಿಬಿರಕ್ಕೆ ಹೋಗಿದ್ದರು. ಅವರಿಗೆ ಫೋನು ಸಿಕ್ಕಿತು. ಎಲ್ಲ ಹೇಳಿದೆ. ಆಮೇಲೆ, "ಇರು," ಎಂದು ಇನ್ನೊಂದು ಫೋನಿನಿಂದ ಅರಕಲಗೂಡಿಗೆ ಪ್ರಯತ್ನಿಸಿದರು. ಮಳೆಗೆ ಅಲ್ಲಿಯ ಲೈನು ಸತ್ತಿತ್ತು. ಡ್ಯೂಟಿ ಡಾಕ್ಟರ ಮೊಬೈಲು ಆಫ್ ಆಗಿತ್ತು, ಥಿಯೇಟರಿನಲ್ಲಿರಬೇಕು.

"ನಾನಿರೋದು ಇನ್ನೊಂದು ಮೂಲೇಲಿ. ನಿನಗೇ ಹತ್ತಿರ ಅದು. ಹೇಗಾದ್ರೂ ಹೋಗು. ಆ ರಕ್ತ ಹಾಕಬಾರದು ಅಂತ ನಾನು ಹೇಳಿದೆ ಅಂತ ಹೇಳು. ನಾನು ಇಲ್ಲಿ ತೆಗೆದಿರೋದನ್ನ ಹಾಸನಕ್ಕೆ ತಗೊಂಡು ಹೋಗಿ ಟೆಸ್ಟ್ ಮಾಡಿಸಿ ಕಳಿಸ್ತೀನಿ."

ಬಸ್ ನಿಲ್ದಾಣದಲ್ಲಿ ಅರಕಲಗೂಡಿನ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದಕ್ಕೆ ಒಂದು ಗಂಟೆ. ಕೊಡೆ ಮೇಷ್ಟ್ರ ಮನೆಯಲ್ಲೇ ಬಿಟ್ಟು ಬಂದಿದ್ದೆ. ನೆನೆಯುತ್ತಾ ರಸ್ತೆಗೆ ಬಂದು ನಿಂತು ಸಿಕ್ಕ ಗಾಡಿಗೆಲ್ಲ ಕೈ ಅಡ್ಡ ಹಾಕಿದೆ. ರಾಮನಾಥಪುರದ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳಿಗೆ ಸೌದೆ ಹೊತ್ತು ಹೊರಟಿದ್ದ ಒಂದು ಲಾರಿ ನಿಂತಿತು. ನರೆತ ಮೀಸೆಯ ಡ್ರೈವರು ಬಗ್ಗಿ, "ಎಲ್ಗವ್ವ?" ಅಂದ.

"ಅರಕಲಗೂಡು ಆಸ್ಪತ್ರೆಗಣ್ಣ. ಒಂದು ಜೀವದ ವಿಷಯ."

"ಅತ್ತು ಮ್ಯಾಕೆ."

ದಾರಿಯಲ್ಲಿ ಆತ ಒಂದೇ ಪ್ರಶ್ನೆ ಕೇಳಿದ: "ನಿಮ್ಮೋರಾ?" ಸೌದೆ ನೆನೆದು ಭಾರವಾಗಿತ್ತು. ಏರು ಬಂದಾಗಲೆಲ್ಲ ಲಾರಿ ಏದುಸಿರು ಬಿಡುತ್ತಿತ್ತು. ವೈಪರು ಒಂದೇ ಕಡೆ ಕೆಲಸ ಮಾಡುತ್ತಿತ್ತು. ನಾನು ಗಡಿಯಾರ ನೋಡುವುದು, ಮೊಬೈಲಿನಲ್ಲಿ ಸಿಗ್ನಲ್ ನೋಡುವುದು, ಮತ್ತೆ ಗಡಿಯಾರ. ಎಂಟಕ್ಕೆ ಹೊರಟ ಚೀಲ ಒಂಬತ್ತೂವರೆಗೆ ಮುಟ್ಟಿರುತ್ತದೆ. ಆಪರೇಷನ್ನು ಹನ್ನೊಂದಕ್ಕೋ, ಹನ್ನೆರಡಕ್ಕೋ? ಕೆಟ್ಟ ರಕ್ತ ಮೈಗೆ ಹೋದರೆ ಏನಾಗುತ್ತದೆ ಎಂದು ಓದಿದ್ದೆ. ಓದಬಾರದಿತ್ತು.

ಅರಕಲಗೂಡು ಮುಟ್ಟಿದಾಗ ಹನ್ನೆರಡೂ ಕಾಲು. ಲಾರಿಯವ ದಾರಿ ಬಿಟ್ಟು ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿದ. ಒಳಗೆ ಓಡಿದೆ. ಥಿಯೇಟರಿನ ಪಕ್ಕದ ಕೋಣೆಯಲ್ಲಿ ಹೆಂಗಸೊಬ್ಬಳು ಮಲಗಿದ್ದಳು. ಮುಖ ಸುಣ್ಣದ ಹಾಗೆ. ಮಂಚದ ಪಕ್ಕದ ಕಂಬಿಯಲ್ಲಿ ಚೀಲ ತೂಗುತ್ತಿತ್ತು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು, ಏಪ್ರನ್ನು ಇನ್ನೂ ಬಿಚ್ಚಿರಲಿಲ್ಲ.

"ಸಾರ್, ಆ ರಕ್ತ ನಿಲ್ಲಿಸಿ. ಹಾಸನದ ಫ್ರಿಜ್ಜು ಕೆಟ್ಟಿದೆ. ಹನ್ನೊಂದು ಡಿಗ್ರೀಲಿತ್ತು. ವಸುಂಧರಾ ಮೇಡಂ ಹೇಳಿ ಕಳಿಸಿದ್ರು."

ಅವರು ನನ್ನ ನೆನೆದ ಸೀರೆ, ಕೆಸರು ಕಾಲು ನೋಡಿದರು. "ನೀವು ಡಾಕ್ಟರಾ?"

"ಅಲ್ಲ ಸಾರ್. ಕಂಪ್ಯೂಟರ್ ನೋಡ್ಕೊಳ್ಳೋಳು."

"ಕಂಪ್ಯೂಟರಾ? ಇವರಿಗೆ ಬ್ಲೀಡಿಂಗ್ ಆಗಿದೆ ರೀ. ರಕ್ತ ಇಲ್ದೆ ಏನ್ ಮಾಡ್ಲಿ ನಾನು?"

"ಬೇರೆ ರಕ್ತ ಬರ್ತಾ ಇದೆ ಸಾರ್. ಇದು ಬೇಡ. ದಯವಿಟ್ಟು."

ಒಂದು ಕ್ಷಣ ಅವರ ಕಣ್ಣು ಚೀಲದ ಮೇಲೂ ನನ್ನ ಮೇಲೂ ಹೋಗಿ ಬಂತು. ಆಮೇಲೆ ಕೈ ಚಾಚಿ ನಳಿಗೆಯ ಕ್ಲಾಂಪು ಒತ್ತಿ ಮುಚ್ಚಿದರು. ಹನಿ ನಿಂತಿತು. ನಾನು ಉಸಿರು ಬಿಡುವಷ್ಟರಲ್ಲಿ ಅವರು ಹೇಳಿದರು: "ಇದು ಎರಡನೇದು. ಮೊದಲನೇದು ಪೂರ್ತಿ ಹೋಗಿದೆ."

ಮಧ್ಯಾಹ್ನವಿಡೀ ಕಾದೆವು. ಆಕೆಯ ಹೆಸರು ಸವಿತಾ. ರಾಮನಾಥಪುರದ ಹತ್ತಿರದವಳು, ಇಪ್ಪತ್ತನಾಲ್ಕು ವರ್ಷ. ಮಗು ಹುಟ್ಟಿತ್ತು, ಗಂಡು, ಚೆನ್ನಾಗಿತ್ತು. ಡಾಕ್ಟರು ಔಷಧಿ ಶುರುಮಾಡಿ ಕಾಲು ಗಂಟೆಗೊಮ್ಮೆ ಬಂದು ಜ್ವರ ನೋಡುತ್ತಿದ್ದರು. ಚಳಿ ಬಂದರೆ, ಜ್ವರ ಏರಿದರೆ, ರಕ್ತದೊತ್ತಡ ಇಳಿದರೆ ಕೆಟ್ಟದ್ದು ಎಂದು ನರ್ಸು ನನ್ನ ಕಿವಿಯಲ್ಲಿ ಹೇಳಿದಳು. ಒಂದೂವರೆಗೆ ಸ್ವಲ್ಪ ಏರಿತು. ಎರಡಕ್ಕೆ ಇನ್ನೂ ಸ್ವಲ್ಪ. ಆಕೆಯ ಕಾಲು ನಡುಗುವುದನ್ನು ಹೊದಿಕೆಯ ಮೇಲಿಂದಲೇ ಕಂಡೆ.

ಬಾಗಿಲ ಹೊರಗಿನ ಬೆಂಚಿನಲ್ಲಿ ಸವಿತಾಳ ಅತ್ತೆ ಪುಟ್ಟಮ್ಮ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅವರ ಬೆರಳ ಸಂದುಗಳಲ್ಲಿ ಹೊಗೆಸೊಪ್ಪಿನ ಕಪ್ಪು ಅಂಟು ಉಳಿದಿತ್ತು. ಪಕ್ಕದಲ್ಲಿ ಕೂತ ನನಗೆ ತಮ್ಮ ಸೆರಗಿನಿಂದಲೇ ತಲೆ ಒರೆಸಿಕೊಳ್ಳಲು ಹೇಳಿದರು.

"ನೀವ್ಯಾರವ್ವ? ನಮ್ ಉಡ್ಗಿಗೋಸ್ಕರ ಮಳೇಲಿ ಓಡ್ಬಂದ್ರಂತೆ?"

ಹೌದು ಎಂದು ಸುಮ್ಮನಿರಬಹುದಿತ್ತು. ಆ ಮಾತು ನುಂಗಲು ಆಗಲಿಲ್ಲ.

"ಓಡಿಬಂದೋಳೂ ನಾನೇ ಅಮ್ಮ. ರಕ್ತ ಕೆಡೋದನ್ನ ತಿಳಿಸೋಕೆ ಒಂದು ವೈರಿತ್ತು, ಅದನ್ನ ಕತ್ತರಿಸಿದೋಳೂ ನಾನೇ. ಏನು ಅಂತ ತಿಳ್ಕೊಳ್ಳದೆ ಕತ್ತರಿಸಿಬಿಟ್ಟೆ."

ಪುಟ್ಟಮ್ಮ ಸೆರಗನ್ನು ನನ್ನ ಕೈಯಿಂದ ಎಳೆದುಕೊಂಡರು. ಬೈದಿದ್ದರೆ ಸಲೀಸಾಗುತ್ತಿತ್ತು. ಕಡೆಗೆ, ಮಗುವಿನ ಮುಖ ನೋಡುತ್ತಲೇ ಅಂದರು: "ಅವ್ಳು ಏಳ್ಲಿ. ಆಮ್ಯಾಲೆ ನಿಮ್ಮುನ್ನ ಏನ್ ಕೇಳ್ಬೇಕೋ ಕೇಳ್ತೀನಿ. ಅಲ್ಲೀಗಂಟ ಎಲ್ಲೂ ಓಗ್ಬೇಡಿ."

ನಾನು ಎಲ್ಲೂ ಹೋಗಲಿಲ್ಲ.

ಮೂರಕ್ಕೆ ಜ್ವರ ಅಲ್ಲೇ ನಿಂತಿತು. ನಾಲ್ಕಕ್ಕೂ ಅಷ್ಟೇ ಇತ್ತು. ಐದಕ್ಕೆ ಒಂದು ಗೆರೆ ಇಳಿಯಿತು. ಆದರೆ ಆಕೆಯ ಮುಖದ ಬಿಳುಪು ಹಾಗೇ ಇತ್ತು, ರಕ್ತ ಬೇಕೇ ಬೇಕಿತ್ತು. ಆರರ ಸುಮಾರಿಗೆ ಹಾಸನದ ಬಸ್ಸಿಳಿದು ನಂಜೇಗೌಡರು ಬಂದರು. ರಕ್ತ ಮುಟ್ಟಿಸಿದ ಜೀಪು ಉಳಿದವರನ್ನು ಕರೆತರಲು ಮತ್ತೆ ಶಿಬಿರಕ್ಕೆ ಹೋಗಿತ್ತೆಂದು, ಪರೀಕ್ಷೆಯಾದ ಕೂಡಲೇ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ಹೊರಟಿದ್ದರು. ಪೆಟ್ಟಿಗೆಯ ಒಳಗಿನ ಥರ್ಮಾಮೀಟರನ್ನು ಡಾಕ್ಟರ ಮುಖದ ಹತ್ತಿರ ಹಿಡಿದರು.

"ಐದೂವರೆ ಸಾ. ದಾರೀಲಿ ಎಲ್ಡು ಸಲ ಮುಚ್ಳ ತೆಗ್ದು ನೋಡ್ದೆ. ಐದೂವರೇಲೇ ಬಂತು. ನೀವೂ ನೋಡ್ಕಳಿ ಸಾ."

ಆ ಚೀಲ ಏರಿಸಿದ ಅರ್ಧ ಗಂಟೆಗೆ ಸವಿತಾ ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಪುಟ್ಟಮ್ಮ ಮಗುವನ್ನು ಒಳಗೆ ಕೊಟ್ಟು ಬಂದು ನನ್ನ ಎದುರು ನಿಂತರು. "ಏನೂ ಕೇಳಾದಿಲ್ಲ ಓಗವ್ವ," ಅಂದರು. "ಬಟ್ಟೆ ಒದ್ದೇಲಿ ಕೂತಿದ್ದೀಯ ಆಗ್ಲಿಂದ." ಆಗ ಬಂತು ನನಗೆ ಅಳು.

ಫ್ರಿಜ್ಜಿನ ಮೆಕ್ಯಾನಿಕ್ಕು ಬಂದು ನೋಡಿ, ಕರೆಂಟಿನ ಹೊಯ್ದಾಟಕ್ಕೆ ಒಂದು ಭಾಗ ಸುಟ್ಟಿದೆ, ಹಿಂದಿನ ದಿನವಷ್ಟೇ ಆಗಿರಬೇಕು ಅಂದ. ಬಾಗಿಲ ಮೇಲಿನ ಮುಳ್ಳು ಮಾತ್ರ ಎಂದೋ ತುಕ್ಕು ಹಿಡಿದು ನಾಲ್ಕರಲ್ಲೇ ಕೂತುಬಿಟ್ಟಿತ್ತು. ಆ ಮೂರು ವಾರದಲ್ಲಿ ರಕ್ತ ಪಡೆದವರನ್ನೆಲ್ಲ ಹುಡುಕಿ ವಿಚಾರಿಸಿದೆವು. ಯಾರಿಗೂ ತೊಂದರೆಯಾಗಿರಲಿಲ್ಲ. ನಲವತ್ತೊಂದು ಚೀಲ ಮಾತ್ರ ನಾಶ ಮಾಡಬೇಕಾಯಿತು.

ಮಂಗಳವಾರ ಕಮಿಟಿಯವರು ಕೂತರು. ನಾನು ಬರೆದ ವರದಿಯನ್ನು ನಾನೇ ಓದಬೇಕಿತ್ತು. ವೈರು ಕತ್ತರಿಸಿದ್ದು, ಕೇಳದೆ ಕತ್ತರಿಸಿದ್ದು ನಾನು ಎಂದು ಓದಿದೆ. ನಂಜೇಗೌಡರು ದಿನಕ್ಕೆ ಆರು ಸಲ ಒಳಗಿನ ಥರ್ಮಾಮೀಟರು ನೋಡಿ ಬರೆಯಬೇಕಾದ ಪುಸ್ತಕದ ಬಗ್ಗೆ ವರದಿಯಲ್ಲಿ ಏನೂ ಬರೆದಿರಲಿಲ್ಲ. ಓದಿ ಮುಗಿಸಿದ ಮೇಲೆ ಗೋಡೆಗೆ ಒರಗಿ ನಿಂತಿದ್ದ ನಂಜೇಗೌಡರು ಮುಂದೆ ಬಂದರು.

"ಸಾ, ಆಯಮ್ಮ ನನ್ ಎಸ್ರು ಬಿಟ್ಟವ್ರೆ. ಒಳಗಿಂದು ನೋಡದೇನೆ, ಮುಳ್ಳು ನೋಡ್ಕಂಡು, ಒಂದೊಂದ್ ದಿನ ಅದ್ನೂ ನೋಡದೇನೆ, ನಾಕು ನಾಕು ಅಂತ ಬರ್ದವ್ನು ನಾನು. ವೈರು ಓದ್ರೂ ನಾನಿರ್ಬೇಕಿತ್ತಲ್ಲ ಸಾ ಅಲ್ಲಿ."

ಇಬ್ಬರಿಗೂ ಎಚ್ಚರಿಕೆ ಪತ್ರ ಬಂತು. ನನ್ನ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು. ಅದೇ ವಾರ ಶ್ರೀಕಂಠಯ್ಯ ಮೇಷ್ಟ್ರು ಯಾರ ಮಾತೂ ಕೇಳದೆ ಕಪ್ಪು ಕನ್ನಡಕದಲ್ಲೇ ಬಸ್ಸಿನಲ್ಲಿ ಬಂದರು. ಹೊಸ ವೈರೆಳೆದು, ಸರ್ವರಿನ ಹಿಂದೆ ವೈರು ಸಿಕ್ಕಿಸುವ ಒಂದು ಪೋರ್ಟನ್ನು ನೇರ ಅತಿಥಿಗೇ ಸಿಗುವ ಹಾಗೆ ಮಾಡಿದೆವು. ಅವರು ಹೇಳಿ ಹೇಳಿ, ನಾನು ಪ್ರೋಗ್ರಾಂ ತಿದ್ದಿದೆ. "ಉತ್ತರ ಬರದೇ ಇದ್ರೆ ಆಗಲೇ ಬೆಲ್ಲು ಹೊಡೀಬೇಕಿತ್ತು," ಅಂದರು ಮೇಷ್ಟ್ರು. "ಸುಮ್ನೆ ಬರ್ಕೊಂಡು ಕೂತಿರೋ ಹಾಗೆ ಮಾಡಿದ್ದು ನನ್ನ ತಪ್ಪು." ಮೂರನೆಯ ದಿನ ಅರವತ್ತೆಂಟು ಗಂಟೆ ಹದಿನಾರು ನಿಮಿಷ ತುಂಬುವ ಹೊತ್ತಿಗೆ ಡಾಕ್ಟರ್ ವಸುಂಧರಾ ಕೂಡ ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ಹದಿನೇಳನೆಯ ನಿಮಿಷ ಬಂತು. ಹದಿನೆಂಟನೆಯದೂ ಬಂತು. ನೆಂಟ ಬೀಳಲಿಲ್ಲ.

ಎಲ್ಲರೂ ಚದುರಿದ ಮೇಲೆ ಡಾಕ್ಟರು ಹೇಳಿದರು: "ರಿಜಿಸ್ಟರ್ ಸರಿಯಾಯ್ತಲ್ಲ. ಅದರಿಂದ ಆ ನಲವತ್ತೊಂದು ದಾನಿಗಳ ಹೆಸರು ತೆಗಿ. ಅವರು ಕೊಟ್ಟಿದ್ದು ಚೆಲ್ಲಿಹೋಯ್ತು ಅಂತ ಅವರಿಗೆ ಹೇಳ್ಬೇಕು. ನೀನೇ ಹೇಳು."

ಕಮಿಟಿಯ ಮುಂದೆ ನಿಂತದ್ದಕ್ಕಿಂತ ಅದು ಕಷ್ಟವಾಗಿತ್ತು. ದಿನಕ್ಕೆ ಐದಾರು ಜನರಿಗೆ ಫೋನು ಮಾಡಿದೆ, ಫೋನಿಲ್ಲದವರಿಗೆ ಕಾಗದ ಬರೆದೆ. ಚನ್ನರಾಯಪಟ್ಟಣದ ಒಬ್ಬ ಟೀಚರು, ಇನ್ನು ನಿಮ್ಮ ಶಿಬಿರಕ್ಕೆ ಕಾಲಿಡುವುದಿಲ್ಲ ಎಂದು ಫೋನಿಟ್ಟರು. ಕೆಲವರು ಸುಮ್ಮನೆ ಕೇಳಿಸಿಕೊಂಡರು. ಪಟ್ಟಿಯ ಕೊನೆಯಲ್ಲಿದ್ದವರು ಅರಕಲಗೂಡಿನ ಕಡೆಯ ಒಬ್ಬ ರೈತರು. ಅವರ ಮನೆ ಪಕ್ಕದ ಅಂಗಡಿಯ ಫೋನಿಗೆ ಕರೆಸಿಕೊಂಡು, ನಿಮ್ಮ ರಕ್ತ ಯಾರಿಗೂ ಉಪಯೋಗವಾಗಲಿಲ್ಲ, ನಮ್ಮ ತಪ್ಪಿನಿಂದ ಕೆಟ್ಟುಹೋಯಿತು, ಕ್ಷಮಿಸಿ ಅಂದೆ.

"ಅಯ್ಯೋ, ಅಂಗಾ," ಅಂದರು ಅವರು. ಆಮೇಲೆ, "ಅಲ್ಲ ಕಣವ್ವ, ಒಂದ್ಸಲ ಕೊಟ್ಮ್ಯಾಲೆ ಇನ್ನೊಂದ್ಸಲ ಕೊಡಾಕೆ ಎಷ್ಟು ದಿನ ಆಗ್ಬೇಕು?"

"ಮೂರು ತಿಂಗಳು."

"ಅಂಗಾರೆ ದಸರಾ ಕಳೀಲಿ, ಬತ್ತೀನಿ ಬುಡಿ."

ದಸರಾ ಕಳೆದ ಸೋಮವಾರ ಬೆಳಿಗ್ಗೆ ಬಂದರು. ನಾನು ಅವರನ್ನು ಮೊದಲು ನೋಡಿದ್ದೇ ಆಗ. ಒಗೆದ ಬಿಳಿ ಅಂಗಿ ತೊಟ್ಟು, ಅದರ ತೋಳು ಮೇಲಕ್ಕೆ ಮಡಿಸಿಕೊಂಡೇ ಒಳಗೆ ಬಂದಿದ್ದರು.